ದ್ರಾಕ್ಷಿ ತೋಟದ ನಡುವೆ ಎರಡು ರಾತ್ರಿ: ದ್ರಾಕ್ಷಿ ಬೆಳೆಗಾರರ ಮಗನನ್ನು ಅಲ್ಲಿಗೆ ಕರೆದೊಯ್ಯಬಹುದೇ?

ಸಂಜೆಮಲ್ಲಿಗೆ | ನವೆಂಬರ್ 12, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಗೆ ನಮ್ಮ ಮದುವೆಯಾಗಿ ಹತ್ತು ವರ್ಷ ತುಂಬುತ್ತದೆ. ಮಗಳು ಹುಟ್ಟಿದ ಮೇಲೆ ನಮ್ಮ ಪ್ರವಾಸವೆಂದರೆ ನೆಂಟರ ಮನೆ, ಜಾತ್ರೆ, ದೇವಸ್ಥಾನ ಇಷ್ಟೇ ಆಗಿದೆ. ಈ ಸಲ ಅವಳನ್ನು ದಾವಣಗೆರೆಯಲ್ಲಿ ನನ್ನ ಅಮ್ಮನ ಬಳಿ ಬಿಟ್ಟು, ನಾವಿಬ್ಬರೇ ದ್ರಾಕ್ಷಿ ತೋಟದ ನಡುವಿನ ಸಣ್ಣ ಹೋಟೆಲೊಂದರಲ್ಲಿ ಎರಡು ರಾತ್ರಿ ಉಳಿಯಬೇಕೆಂಬುದು ನನ್ನ ಆಸೆ. ನಾಸಿಕ್ ಕಡೆಯ ಕೆಲವು ಚಿತ್ರಗಳನ್ನು ನೋಡಿದ್ದೇನೆ. ಕಿಟಕಿಯಾಚೆ ಬಳ್ಳಿಯ ಸಾಲುಗಳು, ಅದರಾಚೆ ನೀರು, ಸಂಜೆಯ ಬೆಳಕು.

ಸಮಸ್ಯೆ ಇರುವುದು ಇಲ್ಲಿ. ನಮ್ಮ ಯಜಮಾನರು ವಿಜಯಪುರ ಜಿಲ್ಲೆಯ ತಿಕೋಟಾ ಸಮೀಪದ ಹಳ್ಳಿಯವರು, ದ್ರಾಕ್ಷಿ ಬೆಳೆಗಾರರ ಮಗ. ಚಿತ್ರಗಳನ್ನು ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ಹನ್ನೆರಡು ವರ್ಷದವನಿದ್ದಾಗಲೇ ಪಡದಲ್ಲಿ ಮಲಗಿದ್ದೇನೆ, ಅದಕ್ಕೆ ಯಾರೂ ದುಡ್ಡು ಕೇಳಿರಲಿಲ್ಲ" ಎಂದು ಹೇಳಿ ಎದ್ದು ಹೋದರು. ಅವರ ಕಡೆ ದ್ರಾಕ್ಷಿ ತೋಟಕ್ಕೆ ಪಡ ಎನ್ನುತ್ತಾರೆ. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಏನೋ ನೆನಪಾಗಿ ಹೇಳಿದಂತಿತ್ತು.

ನಾನು ಕೇಳಬೇಕಾದ್ದು ಮೂರು ವಿಷಯ. ಇಂತಹ ಹಿನ್ನೆಲೆಯವರಿಗೆ ಅಲ್ಲಿ ಸಂತೋಷವಾಗುತ್ತದೆಯೇ? ನಾನು ಮದ್ಯ ಮುಟ್ಟುವವಳಲ್ಲ. ಅವರು ಅಪರೂಪಕ್ಕೆ ಒಂದು ಲೋಟ ಕುಡಿದಾರು. ಹಾಗಿರುವಾಗ ವೈನ್ ತಯಾರಿಸುವ ಜಾಗದಲ್ಲಿ ನನಗೆ ಮಾಡಲು ಏನಿರುತ್ತದೆ? ಕೊನೆಯದಾಗಿ, ಬೆಂಗಳೂರಿನಲ್ಲಿರುವ ನಮಗೆ ನಾಸಿಕ್ ಒಳ್ಳೆಯದೋ, ಹತ್ತಿರದ ನಂದಿಬೆಟ್ಟದ ಕಡೆ ಒಳ್ಳೆಯದೋ?

ಗೋದಾವರಿ ದಂಡೆಯವ | ನವೆಂಬರ್ 12, ರಾತ್ರಿ 10.25

ಹನ್ನೊಂದು ವರ್ಷದಿಂದ ನಾಸಿಕ್‌ನಲ್ಲಿ ಉದ್ಯೋಗದಲ್ಲಿರುವ ಧಾರವಾಡದವನು ನಾನು. ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಸುಲಭ: ನಾಸಿಕ್‌ಗೆ ಬನ್ನಿ, ಫೆಬ್ರವರಿಯಲ್ಲೇ ಬನ್ನಿ. ಇಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಬಳ್ಳಿ ಸವರಿದರೆ ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು ನಡೆಯುತ್ತದೆ. ಊರು ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಚಳಿಗಾಲದ ರಾತ್ರಿಗಳಲ್ಲಿ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು. ಹಗಲಿನಲ್ಲಿ ಮಾತ್ರ ಬಿಸಿಲು ಚುರುಕಾಗಿಯೇ ಇರುತ್ತದೆ. ಏಪ್ರಿಲ್‌ನಲ್ಲಿ ಮತ್ತೊಮ್ಮೆ ಸವರಿದ ಮೇಲೆ ಬಂದರೆ ನಿಮಗೆ ಕಾಣುವುದು ಬರಿಯ ಕೊರಡುಗಳ ಸಾಲು. ಮಳೆಗಾಲದಲ್ಲಿ ಎಲೆ ತುಂಬಿ ಹಸಿರಾಗಿರುತ್ತದೆ, ಆದರೆ ಒಂದು ಗೊನೆಯೂ ಇರುವುದಿಲ್ಲ.

ಸುಲಾ ಕಂಪನಿಯ ವೈನ್ ಮೊದಲು ಮಾರುಕಟ್ಟೆಗೆ ಬಂದದ್ದು 2000ದಲ್ಲಿ. 2005ರಲ್ಲಿ ಅವರು ರುಚಿ ನೋಡುವ ಕೊಠಡಿ ತೆರೆದರು. 2010ರಲ್ಲಿ ಗಂಗಾಪುರ ಜಲಾಶಯದ ಸಮೀಪ ಬಿಯಾಂಡ್ ಎಂಬ ವಸತಿ ಆರಂಭಿಸಿದರು. ಆಮೇಲೆ ವೈನರಿಯ ಆವರಣದಲ್ಲೇ ಸೋರ್ಸ್ ಎಂಬ ಇನ್ನೊಂದು ಬಂತು. ನೀವು ನೋಡಿದ ನೀರಿನ ಚಿತ್ರ ಬಹುಶಃ ಆ ಜಲಾಶಯದ್ದು. ಅದು ಗೋದಾವರಿಗೆ ಕಟ್ಟಿದ ಅಣೆಕಟ್ಟೆಯ ಹಿನ್ನೀರು. ನದಿ ಹುಟ್ಟುವ ತ್ರ್ಯಂಬಕೇಶ್ವರ ನಾಸಿಕ್‌ನಿಂದ ಸುಮಾರು 30 ಕಿಲೋಮೀಟರ್.

ನಂದಿ ತಪ್ಪಲು | ನವೆಂಬರ್ 13, ಬೆಳಿಗ್ಗೆ 7.05

ನಾಸಿಕ್ ಎಂದ ಕೂಡಲೇ ಎಲ್ಲರೂ ನಮ್ಮ ದೊಡ್ಡಬಳ್ಳಾಪುರವನ್ನು ಮರೆಯುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಕನ್ವಲ್ ಗ್ರೋವರ್ ಅವರು ನಂದಿಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಗಳ ಬಳ್ಳಿ ಬೆಳೆಸಿ ಸಂಸ್ಥೆ ಕಟ್ಟಿದ್ದು 1988ರಲ್ಲಿ, ಅಂದರೆ ಸುಲಾದ ಮೊದಲ ಬಾಟಲಿಗಿಂತ ಹನ್ನೆರಡು ವರ್ಷ ಮೊದಲು. ಮೊದಲ ವೈನ್ ಬಂದದ್ದು 1992ರಲ್ಲಿ. ಫ್ರಾನ್ಸಿನ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾನ್ ಇಲ್ಲಿಗೆ ಸಲಹೆಗಾರರಾಗಿ ಬಂದರು. ಬೆಂಗಳೂರಿನವರು ಎರಡು ಗಂಟೆಯ ಒಳಗೆ ತಲುಪುವ ಜಾಗವನ್ನು ಬಿಟ್ಟು ಇನ್ನೊಂದು ರಾಜ್ಯಕ್ಕೆ ಏಕೆ ಹೋಗಬೇಕು? ಬೆಳಗಿನಲ್ಲಿ ಭೋಗನಂದೀಶ್ವರನ ದರ್ಶನ, ಮಧ್ಯಾಹ್ನ ತೋಟದ ಸುತ್ತಾಟ, ಸಂಜೆ ಬೆಟ್ಟದ ಗಾಳಿ. ಪ್ರಯಾಣದಲ್ಲಿ ಉಳಿದ ಸಮಯ ನಿಮ್ಮಿಬ್ಬರದಾಗುತ್ತದೆ.

ಗೋದಾವರಿ ದಂಡೆಯವ | ನವೆಂಬರ್ 13, ಬೆಳಿಗ್ಗೆ 8.30

ಇತಿಹಾಸದಲ್ಲಿ ನೀವು ಹೇಳಿದ್ದು ಸರಿ, ನಾನು ಒಪ್ಪುತ್ತೇನೆ. ಆದರೆ ಪ್ರಶ್ನೆ ಇರುವುದು ಬಳ್ಳಿಗಳ ನಡುವೆ ರಾತ್ರಿ ಉಳಿಯುವುದರ ಬಗ್ಗೆ. ಹಗಲು ಹೋಗಿ, ತೋಟ ನೋಡಿ, ಊಟ ಮಾಡಿ ಬರುವುದಕ್ಕೆ ನಂದಿಯೂ ಸಾಕು, ಮೈಸೂರು ರಸ್ತೆಯ ಚನ್ನಪಟ್ಟಣದ ಡೊಮೇನ್ ಸುಲಾ ಎಂಬ ವೈನರಿಯೂ ಸಾಕು. ಮುಂಜಾನೆ ಎದ್ದು ಬಾಗಿಲು ತೆರೆದರೆ ಬಳ್ಳಿಯೇ ಕಾಣಬೇಕೆಂದರೆ ಆಯ್ಕೆ ನಾಸಿಕ್‌ನಲ್ಲೇ ಹೆಚ್ಚು.

ಹಿರಿಯ ಓದುಗ | ನವೆಂಬರ್ 13, ಬೆಳಿಗ್ಗೆ 9.15

ಮದ್ಯ ತಯಾರಿಸುವ ಜಾಗವನ್ನು ದಾಂಪತ್ಯದ ಸಂಭ್ರಮಕ್ಕೆ ಆರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ನನ್ನ ತಮ್ಮನ ಮನೆ ಕುಡಿತದಿಂದಲೇ ಮುರಿದದ್ದನ್ನು ಕಣ್ಣಾರೆ ಕಂಡವನು ನಾನು, ಆದ್ದರಿಂದ ಹೇಳುತ್ತಿದ್ದೇನೆ. ಹತ್ತು ವರ್ಷದ ನೆನಪಿಗೆ ಬೇಕಾದಷ್ಟು ಬೇರೆ ಜಾಗಗಳಿವೆ ಮಗಳೇ.

ಸಂಜೆಮಲ್ಲಿಗೆ | ನವೆಂಬರ್ 13, ಮಧ್ಯಾಹ್ನ 1.50

ನಿಮ್ಮ ಮಾತಿನ ಹಿಂದಿನ ನೋವು ಅರ್ಥವಾಗುತ್ತದೆ, ದಯವಿಟ್ಟು ತಪ್ಪು ತಿಳಿಯಬೇಡಿ. ನನ್ನನ್ನು ಸೆಳೆದದ್ದು ವೈನ್ ಅಲ್ಲ, ಬಳ್ಳಿ. ಮದುವೆಯಾದ ಹೊಸದರಲ್ಲಿ ಅತ್ತೆಯ ಮನೆಗೆ ಹೋದಾಗ ಚಪ್ಪರದ ಕೆಳಗೆ ಹಸಿರು ಬೆಳಕು ಬೀಳುತ್ತಿದ್ದುದನ್ನು ನಾನು ಮರೆತಿಲ್ಲ. ಆಗ ಮಾವನವರಿಗೆ ನಾಲ್ಕು ಎಕರೆ ಪಡವಿತ್ತು. ಈಗ ಒಂದೂವರೆ ಎಕರೆ ಉಳಿದಿದೆ. ಉಳಿದದ್ದನ್ನು ಏಕೆ ಕಿತ್ತರೆಂದು ನಾನು ಯಾವತ್ತೂ ಸರಿಯಾಗಿ ಕೇಳಲಿಲ್ಲ.

ಒಣದ್ರಾಕ್ಷಿ | ನವೆಂಬರ್ 13, ರಾತ್ರಿ 8.20

ಅಕ್ಕಾ, ನಾನು ಬಬಲೇಶ್ವರದ ಕಡೆಯವನು, ಆರು ಎಕರೆ ಥಾಮ್ಸನ್ ತಳಿಯ ದ್ರಾಕ್ಷಿ ಇದೆ. ನಿಮ್ಮ ಯಜಮಾನರು ಎದ್ದು ಹೋದದ್ದೇಕೆಂದು ನಾನು ಹೇಳಬಲ್ಲೆ ಎಂದುಕೊಂಡಿದ್ದೇನೆ.

ಪಡದಲ್ಲಿ ಮಲಗುವುದೆಂದರೆ ಚಂದ್ರನನ್ನು ನೋಡುತ್ತಾ ಮಲಗುವುದಲ್ಲ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದ ದಿನದಿಂದ ನಮ್ಮ ಕಣ್ಣು ಆಕಾಶದ ಮೇಲೆ. ಚಾಟ್ನಿಯ ಬೆನ್ನಿಗೇ ಕಡ್ಡಿಯ ಮೊಗ್ಗು ಒಡೆದು ಚಿಗುರಲೆಂದು ಹೈಡ್ರೋಜನ್ ಸಯನಮೈಡ್ ಎಂಬ ಔಷಧ ಹಚ್ಚುತ್ತೇವೆ. ಆ ಔಷಧ ಮೈಗೆ ಸೋಕಿದವರು ಮುಂದಿನ ಕೆಲವು ದಿನ ಒಂದು ಹನಿ ಮದ್ಯವನ್ನೂ ಮುಟ್ಟಬಾರದು. ಮುಟ್ಟಿದರೆ ಮುಖವೆಲ್ಲ ಕೆಂಪಾಗಿ, ಉಸಿರು ಸಿಕ್ಕಿಕೊಂಡು, ಜೀವಕ್ಕೇ ಅಪಾಯವಾಗಬಹುದು. ಚಿಗುರು ಬಂದ ಮೇಲೆ ಮೋಡ ಕವಿದು ಎರಡು ದಿನ ಜಿಟಿಜಿಟಿ ಹಿಡಿದರೆ ಬೂಜುತುಪ್ಪಟ ರೋಗ. ರಾತ್ರಿ ಎರಡು ಗಂಟೆಗೂ ಎದ್ದು ಔಷಧ ಹೊಡೆದದ್ದುಂಟು. ಆಮೇಲೆ ಕಾಳು ದಪ್ಪವಾಗಲೆಂದು ಗೊನೆಗಳನ್ನು ಒಂದೊಂದಾಗಿ ಜಿಬ್ಬರೆಲಿಕ್ ಆಮ್ಲದಲ್ಲಿ ಅದ್ದುವುದು, ಬೂದಿರೋಗ ನೋಡುವುದು, ಹಕ್ಕಿ ಕಾಯುವುದು. ಒಣದ್ರಾಕ್ಷಿ ಮಾಡಲು ಹಣ್ಣನ್ನು ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಕಲಸಿದ ನೀರಿನಲ್ಲಿ ಅದ್ದಿ ಶೆಡ್ಡಿನ ಜಾಲರಿಯ ಮೇಲೆ ಹರಡಿದ ಮೇಲೂ ಹದಿನೈದು ಇಪ್ಪತ್ತು ದಿನ ಜೀವ ಕೈಯಲ್ಲಿ ಹಿಡಿದಿರಬೇಕು, ಏಕೆಂದರೆ ಆ ದಿನಗಳಲ್ಲಿ ಒಂದು ಅಕಾಲ ಮಳೆ ಬಂದರೆ ಬಂಗಾರದ ಬಣ್ಣದ ಮಾಲು ಕಪ್ಪಾಗಿ, ಮಹಾರಾಷ್ಟ್ರದ ತಾಸಗಾಂವದ ಒಣದ್ರಾಕ್ಷಿ ಮಾರುಕಟ್ಟೆಯಲ್ಲಿ ಅದನ್ನು ಕೇಳುವವರಿರುವುದಿಲ್ಲ. ನಾಲ್ಕು ಕಿಲೋ ಹಣ್ಣು ಒಣಗಿದರೆ ಸಿಗುವುದು ಸುಮಾರು ಒಂದು ಕಿಲೋ.

ಮಾವನವರು ಎರಡೂವರೆ ಎಕರೆ ಕಿತ್ತಿದ್ದಾರೆಂದರೆ ಅದರ ಹಿಂದೆ ಒಂದು ಆಲಿಕಲ್ಲಿನ ರಾತ್ರಿಯೋ, ತೀರದ ಸಾಲವೋ ಇರುತ್ತದೆ. ಆ ರಾತ್ರಿ ನಿಮ್ಮವರು ಅಲ್ಲೇ ಮಲಗಿದ್ದಿರಬಹುದು. ನನ್ನ ಅಭಿಪ್ರಾಯದಲ್ಲಿ ಅವರನ್ನು ಸಮುದ್ರಕ್ಕೆ ಕರೆದುಕೊಂಡು ಹೋಗಿ. ಬಳ್ಳಿ ಬೇಡ.

ಕಾಫಿ ಕಣ | ನವೆಂಬರ್ 13, ರಾತ್ರಿ 9.10

ಮೇಲಿನ ಸಹೋದರರು ಬರೆದದ್ದನ್ನು ಎರಡು ಬಾರಿ ಓದಿದೆ. ಅಷ್ಟಾದರೂ ಅವರ ಕೊನೆಯ ಮಾತನ್ನು ಒಪ್ಪಲಾರೆ.

ನಾನು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರ ಸೊಸೆ. ನಮ್ಮಲ್ಲೂ ಹೂಮಳೆ ತಪ್ಪಿದರೆ ವರ್ಷವೇ ತಪ್ಪಿದಂತೆ. ಕಾಂಡಕೊರಕ ಬಂದ ಗಿಡಗಳನ್ನು ಕಿತ್ತು ಸುಡುವಾಗ ನಮ್ಮ ಮಾವ ಎರಡು ದಿನ ಊಟ ಬಿಟ್ಟಿದ್ದರು. ಅದೇ ಮಾವನನ್ನು ನಾವು ಕೊಡಗಿನಲ್ಲಿ ಇನ್ನೊಬ್ಬರ ತೋಟದ ಅತಿಥಿಗೃಹಕ್ಕೆ ಕರೆದೊಯ್ದೆವು. ಮೊದಲ ಅರ್ಧ ದಿನ ಅವರು ಮಾತಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತೋಟದ ಲೆಕ್ಕಪತ್ರ ನೋಡುವ ರೈಟರ್ ಜೊತೆ ನೆರಳಿನ ಮರಗಳ ಬಗ್ಗೆ ವಾದ ಹೂಡಿದ್ದರು. ಸಂಜೆ ಅತ್ತೆಯ ಪಕ್ಕದಲ್ಲಿ ಜಗಲಿಯ ಮೇಲೆ ಕುಳಿತು, "ನೋಡು, ನಾಳೆ ಇಲ್ಲಿ ಕೆಲಸಕ್ಕೆ ಆಳು ಬಾರದಿದ್ದರೂ ಅದು ನನ್ನ ಚಿಂತೆಯಲ್ಲ" ಎಂದರು. ನಲವತ್ತು ವರ್ಷಗಳಲ್ಲಿ ಅತ್ತೆ ಆ ಮಾತನ್ನು ಕೇಳಿದ್ದು ಅದೇ ಮೊದಲು. ತನ್ನ ಬೆಳೆಯನ್ನು ಆತಂಕವಿಲ್ಲದೆ ನೋಡುವ ಅವಕಾಶ ಬೆಳೆಗಾರನಿಗೆ ಎಲ್ಲಿ ಸಿಗುತ್ತದೆ ಹೇಳಿ? ಆದರೆ ಒಂದು ಷರತ್ತು. ಅಚ್ಚರಿಯ ಉಡುಗೊರೆಯೆಂದು ಹೇಳದೆ ಕೇಳದೆ ಕರೆದೊಯ್ಯಬೇಡಿ. ಕಿತ್ತ ಎರಡೂವರೆ ಎಕರೆಯ ಬಗ್ಗೆ ಮೊದಲು ಅವರನ್ನು ಕೇಳಿ.

ಒಣದ್ರಾಕ್ಷಿ | ನವೆಂಬರ್ 13, ರಾತ್ರಿ 9.45

ಕಾಫಿಯ ತೋಟದಲ್ಲಿ ನೆರಳಾದರೂ ಇದೆ ತಾಯಿ. ಆದರೂ ಮೊದಲು ಕೇಳಬೇಕೆಂಬ ಮಾತು ಸರಿಯಾದದ್ದು.

ಎರಡನೆಯ ಸಲ ಹೋಗದವಳು | ನವೆಂಬರ್ 14, ಬೆಳಿಗ್ಗೆ 11.30

ನಮ್ಮ ಅನುಭವವನ್ನೂ ತಿಳಿದಿರಿ. ನಾವು ಉಳಿದ ಜಾಗದ ಹೆಸರು ಹೇಳುವುದಿಲ್ಲ. ಜಾಲತಾಣದ ಚಿತ್ರದಲ್ಲಿ ಕೋಣೆಯ ಮುಂದೆಯೇ ಬಳ್ಳಿಗಳಿದ್ದವು. ನಮಗೆ ಕೊಟ್ಟ ಕೋಣೆಯ ಕಿಟಕಿ ತೆರೆದರೆ ವಾಹನ ನಿಲ್ಲಿಸುವ ಅಂಗಳ. ವಾರಾಂತ್ಯವಾದ್ದರಿಂದ ಹಗಲಿಡೀ ಬಸ್ಸುಗಳಲ್ಲಿ ಗುಂಪುಗಳು ಬಂದವು, ರಾತ್ರಿ ಹನ್ನೊಂದರವರೆಗೆ ಧ್ವನಿವರ್ಧಕ. ಅದಕ್ಕಿಂತ ದೊಡ್ಡ ತಪ್ಪು ನಮ್ಮದೇ: ಮೂರು ದಿನ ಸಾಲು ರಜೆ ಸಿಕ್ಕಿತೆಂದು ಜನವರಿ 26ಕ್ಕೆ ಕಾದಿರಿಸಿದ್ದೆವು. ಅಂದು ಮದ್ಯ ನಿಷೇಧದ ದಿನ. ರುಚಿ ನೋಡುವ ಕೊಠಡಿಗೆ ಬೀಗ ಬಿದ್ದಿತ್ತು. ನನ್ನ ಗಂಡ ಆರು ತಿಂಗಳಿಂದ ಕಾದಿದ್ದ ಕಾರ್ಯಕ್ರಮವದು.

ಗೋದಾವರಿ ದಂಡೆಯವ | ನವೆಂಬರ್ 14, ಮಧ್ಯಾಹ್ನ 12.10

ಹೌದು, ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಇಲ್ಲಿ ನಿಷೇಧದ ದಿನಗಳು. ಚುನಾವಣೆ ಇದ್ದರೆ ಅದರ ದಿನಗಳೂ ಸೇರುತ್ತವೆ. ಮಂಗಳವಾರ ಬಂದು ಗುರುವಾರ ಹೊರಡಿ, ಬಾಡಿಗೆಯೂ ಇಳಿಯುತ್ತದೆ, ಗದ್ದಲವೂ ಇರುವುದಿಲ್ಲ. ಕಾದಿರಿಸುವಾಗ ದೂರವಾಣಿಯಲ್ಲೇ ಮಾತಾಡಿ, ನಿಮಗೆ ಕೊಡುವ ಕೋಣೆಯ ಕಿಟಕಿಯಿಂದ ಏನು ಕಾಣುತ್ತದೆಂದು ಸ್ಪಷ್ಟವಾಗಿ ಕೇಳಿ, ಅದನ್ನು ಬರಹದಲ್ಲಿ ತರಿಸಿಕೊಳ್ಳಿ.

ಪೀಪಾಯಿ | ನವೆಂಬರ್ 14, ಸಂಜೆ 6.40

ಮದ್ಯ ಮುಟ್ಟದವರಿಗೆ ಅಲ್ಲಿ ಏನಿದೆ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾನು ವೈನರಿಯೊಂದರ ಕೆಲಸಗಾರ, ಒಳಗಿನವನಾಗಿ ಹೇಳುತ್ತೇನೆ.

ಕೊಯ್ಲಿನ ಕಾಲದಲ್ಲಿ ನಮ್ಮ ದಿನ ಕತ್ತಲಿರುವಾಗಲೇ ಆರಂಭವಾಗುತ್ತದೆ, ಏಕೆಂದರೆ ಹಣ್ಣು ತಂಪಾಗಿರುವಾಗಲೇ ಒಳಗೆ ಬರಬೇಕು. ಬಿಸಿಯೇರಿದ ಹಣ್ಣು ಪೆಟ್ಟಿಗೆಯಲ್ಲೇ ಹುಳಿಯಲು ತೊಡಗುತ್ತದೆ. ತಲೆಗೆ ದೀಪ ಕಟ್ಟಿಕೊಂಡ ಹೆಂಗಸರು ಕತ್ತರಿ ಹಿಡಿದು ಸಾಲಿನುದ್ದಕ್ಕೂ ಸಾಗುವುದನ್ನು, ಅವರ ಹಿಂದೆ ಮೂಡಣ ನಿಧಾನಕ್ಕೆ ಬೆಳಗುವುದನ್ನು ನೋಡಲು ಒಂದು ಲೋಟ ವೈನೂ ಬೇಕಿಲ್ಲ. ಹಿಂದಿನ ದಿನವೇ ಕೇಳಿಕೊಂಡರೆ ದೂರದಿಂದ ನೋಡಲು ಬಿಡುವ ಜಾಗಗಳಿವೆ. ಬಿಳಿ ವೈನಿನ ಹಣ್ಣನ್ನು ಹಿಂಡಿ ಸಿಪ್ಪೆ ಬೇರ್ಪಡಿಸುತ್ತಾರೆ, ಕೆಂಪಿನದನ್ನು ಸಿಪ್ಪೆಯ ಸಮೇತ ಹುದುಗಿಸುತ್ತಾರೆ. ಬಣ್ಣವೆಲ್ಲ ಬರುವುದು ಆ ಸಿಪ್ಪೆಯಿಂದ. ಹುದುಗುವಾಗ ತೊಟ್ಟಿಯ ಬಳಿ ನಿಂತರೆ ಸಣ್ಣಗೆ ಕುದಿಯುವ ಸದ್ದು ಕೇಳಿಸುತ್ತದೆ. ಮೊದಲ ದಿನ ಹಿಂಡಿದ ರಸವನ್ನು ಕೇಳಿ ಕುಡಿಯಿರಿ. ಅದು ಬರಿಯ ದ್ರಾಕ್ಷಿ ರಸ, ಅದರಲ್ಲಿ ಮದ್ಯವಿಲ್ಲ.

ರುಚಿ ನೋಡುವ ಮೇಜಿನಲ್ಲೂ ನೀವು ಕುಳಿತುಕೊಳ್ಳಬಹುದು. ಲೋಟದ ಕಾಲು ಹಿಡಿದು ತಿರುಗಿಸಿ ಮೂಗಿಗೆ ಹಿಡಿಯಿರಿ, ಅಷ್ಟೇ. ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ಸೀಬೆಹಣ್ಣು, ಸಾವಿನ್ಯೋ ಬ್ಲಾಂಕ್ ಎಂಬ ಇನ್ನೊಂದು ಬಿಳಿ ವೈನಿನಲ್ಲಿ ಆಗತಾನೇ ಮುರಿದ ದೊಣ್ಣೆ ಮೆಣಸಿನಕಾಯಿ, ಶಿರಾಜ್ ಎಂಬ ಕೆಂಪು ವೈನಿನಲ್ಲಿ ಕರಿಮೆಣಸು. ಅಡುಗೆಮನೆಯಲ್ಲಿ ಮೂಗು ಪಳಗಿದವರೇ ಈ ವಾಸನೆಗಳನ್ನು ಬೇಗ ಗುರುತಿಸುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಇನ್ನೊಂದು ಮಾತು. ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯುವ ಆಟವನ್ನು ಹಲವು ಕಡೆ ಇಟ್ಟಿರುತ್ತಾರೆ. ನಾನು ಕೆಲಸ ಮಾಡಿದ ಕಡೆಗಳಲ್ಲಿ ಆ ಹಣ್ಣು ವೈನ್ ಆಗುವುದಿಲ್ಲ. ಬೆಳೆಗಾರರ ಮನೆಯವರಿಗೆ ಹಣ್ಣನ್ನು ಕಾಲಲ್ಲಿ ತುಳಿಯುವುದು ಹಿಡಿಸಲಾರದು, ಅದನ್ನು ಬಿಟ್ಟುಬಿಡಿ.

ಮೆಣಸಿನ ಬಳ್ಳಿ | ನವೆಂಬರ್ 14, ಸಂಜೆ 7.25

ಶಿರಾಜ್‌ನಲ್ಲಿ ಕರಿಮೆಣಸಿನ ವಾಸನೆ ಎಂಬುದು ಹೋಲಿಕೆಯ ಮಾತಲ್ಲ. ರೊಟಂಡೋನ್ ಎಂಬ ಒಂದೇ ಸಂಯುಕ್ತ ಎರಡರಲ್ಲೂ ಇದೆಯೆಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ಅವರ ಪರೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದರ ವಾಸನೆಯೇ ತಿಳಿಯಲಿಲ್ಲ. ಆದ್ದರಿಂದ ಗಂಡನಿಗೆ ಮೆಣಸು ಗೊತ್ತಾಗಿ ಹೆಂಡತಿಗೆ ಗೊತ್ತಾಗದಿದ್ದರೆ ಜಗಳ ಬೇಡ, ಇಬ್ಬರೂ ಸರಿಯಾಗಿಯೇ ಹೇಳುತ್ತಿರುತ್ತಾರೆ. ಶಿರಸಿಯಲ್ಲಿ ಮೂವತ್ತು ವರ್ಷ ಮೆಣಸು ಬೆಳೆದ ನನಗೆ ಇದನ್ನು ಓದಿದ ದಿನ ಬಹಳ ಸಂತೋಷವಾಗಿತ್ತು.

ನಂದಿ ತಪ್ಪಲು | ನವೆಂಬರ್ 14, ರಾತ್ರಿ 8.00

ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯ ವಾಸನೆಯನ್ನೂ ಒಮ್ಮೆ ನೋಡಬೇಕು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು ಅದು, ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಹಣ್ಣು ಪಕ್ವವಾದಾಗ ರಸ್ತೆಯಲ್ಲಿ ಹೋಗುವವರಿಗೂ ತೋಟದ ಘಮ ಸಿಗುತ್ತದೆ.

ವಿಜಯಪುರದವಳು | ನವೆಂಬರ್ 14, ರಾತ್ರಿ 8.35

ಇಷ್ಟೆಲ್ಲ ಓದಿ ನನಗೆ ಅನಿಸಿದ್ದನ್ನು ಹೇಳುತ್ತೇನೆ. ಸಾವಿರಾರು ಎಕರೆ ದ್ರಾಕ್ಷಿ ಇರುವ ನಮ್ಮ ಜಿಲ್ಲೆಯಲ್ಲಿ ಪಡದ ನಡುವೆ ನಾಲ್ಕು ಕೋಣೆ ಕಟ್ಟಿಸಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿ, ಸಂಜೆ ಗೋಳಗುಮ್ಮಟ ತೋರಿಸಿದರೆ ಜನ ಬರಲಾರರೇ? ಒಂದು ಆಲಿಕಲ್ಲಿಗೆ ವರ್ಷದ ದುಡಿಮೆ ಹೋಗುವ ಬೆಳೆಗಾರನಿಗೆ ಕೋಣೆಯ ಬಾಡಿಗೆಯಾದರೂ ಕೈಗೆ ಉಳಿಯುತ್ತದೆ. ರಾಜ್ಯದ ದ್ರಾಕ್ಷಾರಸ ನೀತಿ ಬಂದದ್ದು 2007ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನಮ್ಮೂರಿನ ಸುತ್ತ ನಾನು ಅಂತಹ ಒಂದು ವಸತಿಯನ್ನೂ ಕಂಡಿಲ್ಲ.

ಒಣದ್ರಾಕ್ಷಿ | ನವೆಂಬರ್ 14, ರಾತ್ರಿ 9.20

ಅಕ್ಕಾವರೇ, ಔಷಧ ಹೊಡೆಯುವ ದಿನಗಳಲ್ಲಿ ಅತಿಥಿಗಳನ್ನು ಎಲ್ಲಿ ಕೂರಿಸಬೇಕು? ನಮ್ಮದು ತಿನ್ನುವ ಮತ್ತು ಒಣಗಿಸುವ ಹಣ್ಣು, ಚಪ್ಪರದ ಕೆಳಗೆ ತಲೆ ತಗ್ಗಿಸಿ ನಡೆಯಬೇಕು. ವೈನಿನ ಬಳ್ಳಿಯನ್ನು ಗೋಡೆಯಂತೆ ನೇರ ತಂತಿಗೆ ಕಟ್ಟುತ್ತಾರೆ, ಸಾಲಿನ ನಡುವೆ ಆರಾಮವಾಗಿ ಓಡಾಡಬಹುದು. ಚಿತ್ರದಲ್ಲಿ ಅದು ಚೆಂದ ಕಾಣುವುದು ಅದಕ್ಕೇ. ಹಾಗೆಂದು ನಿಮ್ಮ ಮಾತನ್ನು ತಳ್ಳಿಹಾಕುತ್ತಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಮೂರು ತಿಂಗಳು ಮಾತ್ರವಾದರೆ ಸಾಧ್ಯ. ನನ್ನ ಹೆಂಡತಿಗೆ ಓದಿ ಹೇಳಿದೆ, ಅವಳು ರೊಟ್ಟಿಯ ಲೆಕ್ಕ ಹಾಕುತ್ತಿದ್ದಾಳೆ.

ನಿರ್ವಾಹಕ | ನವೆಂಬರ್ 14, ರಾತ್ರಿ 9.50

ವಿಜಯಪುರದಲ್ಲಿ ವಸತಿ ಆರಂಭಿಸುವ ಚರ್ಚೆಗೆ ಪ್ರತ್ಯೇಕ ಎಳೆ ತೆರೆಯಿರಿ, ಅದು ಅಷ್ಟು ಮಹತ್ವದ ವಿಷಯ. ಇಲ್ಲಿ ದಂಪತಿಯ ಪ್ರವಾಸದ ಬಗ್ಗೆ ಮುಂದುವರಿಯಲಿ.

ಸಂಜೆಮಲ್ಲಿಗೆ | ನವೆಂಬರ್ 16, ರಾತ್ರಿ 10.30

ನಿನ್ನೆ ರಾತ್ರಿ ಯಜಮಾನರನ್ನು ಕೇಳಿದೆ. ಒಣದ್ರಾಕ್ಷಿಯವರು ಊಹಿಸಿದ್ದು ಬಹುತೇಕ ನಿಜ. ನಮ್ಮ ಮದುವೆಯಾದ ಮೂರನೆಯ ವರ್ಷದ ಮಾರ್ಚ್‌ನಲ್ಲಿ ಆಲಿಕಲ್ಲು ಬಿದ್ದಿತ್ತು. ಆಗ ನಾನು ಬಾಣಂತನಕ್ಕೆ ದಾವಣಗೆರೆಯಲ್ಲಿದ್ದೆ. ಅವರು ಊರಿಗೆ ಹೋಗಿ, ಉದುರಿದ ಹಣ್ಣನ್ನು ಮಾವನವರ ಜೊತೆ ಬುಟ್ಟಿಗಳಲ್ಲಿ ತುಂಬಿ ಹಳ್ಳಕ್ಕೆ ಸುರಿದು ಬಂದಿದ್ದರಂತೆ. ನನಗೆ ಹೇಳಿದರೆ ಹಾಲೂಡಿಸುವ ತಾಯಿ ಕೊರಗುತ್ತಾಳೆಂದು ಸುಮ್ಮನಿದ್ದರು, ಆಮೇಲೆ ಹೇಳುವ ಸಂದರ್ಭವೇ ಬರಲಿಲ್ಲ. ಏಳು ವರ್ಷ ಈ ವಿಷಯ ನನಗೆ ಗೊತ್ತಿರಲಿಲ್ಲ. ನಾವು ರಾತ್ರಿ ಒಂದು ಗಂಟೆಯವರೆಗೆ ಮಾತಾಡಿದೆವು.

ಆಮೇಲೆ ಈ ಚರ್ಚೆಯನ್ನು ಅವರ ಕೈಗೆ ಕೊಟ್ಟೆ. ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದರು: "ವೈನಿನ ಬಳ್ಳಿಗೂ ಡಾಗ್ರಿಡ್ಜ್ ಬೇರಿಗೇ ಕಸಿ ಕಟ್ಟುತ್ತಾರೆಯೇ?" (ಡಾಗ್ರಿಡ್ಜ್ ಎಂದರೆ ದ್ರಾಕ್ಷಿ ಕಸಿ ಕಟ್ಟಲು ಬಳಸುವ ಒಂದು ಬೇರುಸಸಿ.) ಇದನ್ನು ಒಪ್ಪಿಗೆಯೆಂದು ತಿಳಿದು ಫೆಬ್ರವರಿಗೆ ಕಾದಿರಿಸುತ್ತಿದ್ದೇನೆ.

ಪೀಪಾಯಿ | ನವೆಂಬರ್ 17, ಬೆಳಿಗ್ಗೆ 6.15

ಡಾಗ್ರಿಡ್ಜ್ ಬಳಸುವುದುಂಟು. ನೀರು ಕಡಿಮೆಯಿದ್ದರೂ, ಮಣ್ಣಿನಲ್ಲಿ ಉಪ್ಪಿದ್ದರೂ ಅದು ತಡೆದುಕೊಳ್ಳುತ್ತದೆ. ಆದರೆ ಬಳ್ಳಿಗೆ ಸೊಕ್ಕು ಹೆಚ್ಚು ಬರುತ್ತದೆಂದು ವೈನಿನವರು ಬೇರೆ ಬೇರುಗಳನ್ನೂ ಆರಿಸುತ್ತಾರೆ. ಇಂತಹ ಪ್ರಶ್ನೆ ಕೇಳುವ ಅತಿಥಿ ಬಂದರೆ ತೋಟದ ಮೇಲ್ವಿಚಾರಕರು ಊಟ ಬಿಟ್ಟು ಮಾತಿಗೆ ಕೂರುತ್ತಾರೆ.

ಚಾಲಕ ಬಂಧು | ನವೆಂಬರ್ 17, ಬೆಳಿಗ್ಗೆ 9.00

ಪ್ರಯಾಣದ ಬಗ್ಗೆ ಎರಡು ಮಾತು. ಬೆಂಗಳೂರಿನಿಂದ ರೈಲಾದರೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಮನ್ಮಾಡ್‌ನಲ್ಲಿ ಇಳಿದು ರಸ್ತೆಯಲ್ಲಿ ನಾಸಿಕ್‌ಗೆ ಹೋಗಬಹುದು. ಅಲ್ಲಿ ಬಾಡಿಗೆ ಕಾರು ಹಿಡಿದರೆ ರುಚಿ ನೋಡಿದವರು ಚಾಲಕರ ಆಸನದಲ್ಲಿ ಕೂರಬಾರದು. 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಕಾನೂನಿನ ಪ್ರಕಾರ ಅಪರಾಧ. ನೀವು ಮದ್ಯ ಮುಟ್ಟದವರಾದ್ದರಿಂದ ಕಾರು ನೀವೇ ಓಡಿಸಿ.

ಸಂಜೆಮಲ್ಲಿಗೆ | ಫೆಬ್ರವರಿ 16, ರಾತ್ರಿ 9.15

ಹೋಗಿ ಬಂದೆವು. ಇಲ್ಲಿ ಇಷ್ಟು ಜನ ಸಮಯ ಕೊಟ್ಟಿದ್ದರಿಂದ ವಿವರವಾಗಿ ಬರೆಯುವುದು ನನ್ನ ಕರ್ತವ್ಯ.

ಮಂಗಳವಾರ ಮಧ್ಯಾಹ್ನ ತಲುಪಿದೆವು. ಬರಹದಲ್ಲಿ ತರಿಸಿಕೊಂಡಿದ್ದರಿಂದ ಹೇಳಿದ ಕೋಣೆಯೇ ಸಿಕ್ಕಿತು. ಜಗಲಿಯಿಂದ ಹತ್ತು ಹೆಜ್ಜೆಗೆ ಬಳ್ಳಿಯ ಮೊದಲ ಸಾಲು. ಅವರು ಚೀಲ ಇಟ್ಟವರೇ ಸಾಲಿನೊಳಗೆ ಹೋದರು. ನಾನು ಜಗಲಿಯಲ್ಲಿ ಕುಳಿತು ನೋಡುತ್ತಿದ್ದೆ. ಮೊದಲು ಎಲೆಯನ್ನು ಮಗುಚಿ ಹಿಂಭಾಗ ನೋಡಿದರು, ಆಮೇಲೆ ಹನಿ ನೀರಾವರಿಯ ಕೊಳವೆ ಎತ್ತಿ ನೋಡಿದರು, ಆಮೇಲೆ ಒಂದು ಗೊನೆಯನ್ನು ಕೀಳದೆ ಅಂಗೈಯಲ್ಲಿ ಹಿಡಿದು ತೂಗಿದರು. ವೈನಿನ ದ್ರಾಕ್ಷಿಯ ಕಾಳು ಎಷ್ಟು ಸಣ್ಣದೆಂದು ನನಗೆ ಆಗಲೇ ಗೊತ್ತಾದದ್ದು. ತಿಂದರೆ ಬಾಯಿಯ ತುಂಬ ಬೀಜ, ದಪ್ಪ ಸಿಪ್ಪೆ, ವಿಪರೀತ ಸಿಹಿ.

ಮರುದಿನ ಬೆಳಗಿನ ಜಾವ ಪೀಪಾಯಿಯವರು ಹೇಳಿದಂತೆ ಕೊಯ್ಲು ನೋಡಲು ಹೋದೆವು. ಚಳಿಗೆ ನಾನು ಅವರ ಶಾಲನ್ನೂ ಹೊದ್ದಿದ್ದೆ. ಸಾಲಿನ ತುದಿಯಲ್ಲಿದ್ದ ಮುದುಕಿಯೊಬ್ಬರು ಮರಾಠಿಯಲ್ಲಿ ಏನೋ ಕೇಳಿದರು, ಇವರು ಸೊಲ್ಲಾಪುರದ ಕಡೆಯ ಮರಾಠಿಯಲ್ಲಿ ಉತ್ತರಿಸಿದರು. ಐದು ನಿಮಿಷದಲ್ಲಿ ಇವರ ಕೈಗೆ ಕತ್ತರಿ ಬಂದಿತ್ತು. ಇವರು ಕೊಯ್ದದ್ದು ಎರಡು ಪೆಟ್ಟಿಗೆ. ಹತ್ತು ವರ್ಷದ ಸಂಸಾರದಲ್ಲಿ ನಾನು ಇವರನ್ನು ಗಣಕಯಂತ್ರದ ಮುಂದೆ ಬಿಟ್ಟು ಬೇರೆಲ್ಲೂ ಕೆಲಸ ಮಾಡುವುದನ್ನು ನೋಡಿರಲಿಲ್ಲ. ಗೊನೆಯ ತೊಟ್ಟನ್ನು ಹೆಬ್ಬೆರಳಿನಲ್ಲಿ ಹುಡುಕಿ, ಕಣ್ಣು ಬೇರೆಡೆ ಇದ್ದರೂ ಒಂದೇ ಸಲಕ್ಕೆ ಕತ್ತರಿಸುವ ಆ ಕೈಯನ್ನು ನೋಡುತ್ತಾ ನಿಂತೆ. ನನಗೆ ಈ ಪ್ರವಾಸದಲ್ಲಿ ಬೇಕಿದ್ದುದೆಲ್ಲ ಅಲ್ಲೇ ಸಿಕ್ಕಿತು.

ರುಚಿ ನೋಡುವ ಮೇಜಿನಲ್ಲಿ ಶಿರಾಜ್‌ನ ಮೆಣಸು ನನಗೆ ತಿಳಿಯಿತು, ಅವರಿಗೆ ಎಷ್ಟು ಮೂಸಿದರೂ ತಿಳಿಯಲಿಲ್ಲ. ಅವರು ಅರ್ಧ ಲೋಟಕ್ಕೆ ನಿಲ್ಲಿಸಿದರು. ಗುರುವಾರ ತ್ರ್ಯಂಬಕೇಶ್ವರಕ್ಕೆ ಹೋಗಿ ಬಂದೆವು. ಕಾರು ಓಡಿಸಿದ್ದು ನಾನೇ. ಊಟ ಮಾತ್ರ ನಮ್ಮ ನಾಲಿಗೆಗೆ ಸಪ್ಪೆ, ದುಬಾರಿ ಕೂಡ. ಉಪ್ಪಿನಕಾಯಿ ಒಯ್ದವರು ಜಾಣರು.

ಬುಧವಾರ ರಾತ್ರಿ ಅವರು ಜಗಲಿಯಿಂದ ಮಾವನವರಿಗೆ ಕರೆ ಮಾಡಿದ್ದರು. ಮಾವ ಕೇಳಿದ ಮೊದಲ ಪ್ರಶ್ನೆ ಎಕರೆಗೆ ಎಷ್ಟು ಟನ್ ಎಂಬುದು. ನಮ್ಮ ಅರ್ಧದಷ್ಟು, ಬೇಕೆಂದೇ ಕಡಿಮೆ ಇಡುತ್ತಾರೆ, ಗೊನೆಗಳನ್ನು ಕಾಯಿಯಲ್ಲೇ ಕಿತ್ತು ಹಾಕುತ್ತಾರೆ ಎಂದಾಗ ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಕೊನೆಗೆ, "ಕಿತ್ತು ಹಾಕುವಾಗ ಕೈ ಹೇಗೆ ಬರುತ್ತದೋ ಅವರಿಗೆ" ಎಂದರು. ಅದಾದ ಮೇಲೆ ತಂದೆ ಮಗ ಆಲಿಕಲ್ಲಿನ ವರ್ಷದ ಬಗ್ಗೆ ಮಾತಾಡಿದರು. ನಾನು ಒಳಗೆ ಹೋಗಿ ಮಲಗಿದೆ.

ಹಿರಿಯ ಓದುಗ | ಫೆಬ್ರವರಿ 16, ರಾತ್ರಿ 10.05

ಓದಿದೆ ಮಗಳೇ. ಕುಡಿತದ ಬಗೆಗಿನ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ನೀವು ಹೋಗಿಬಂದದ್ದು ಒಳ್ಳೆಯದಾಯಿತು.

ಎರಡನೆಯ ಸಲ ಹೋಗದವಳು | ಫೆಬ್ರವರಿ 16, ರಾತ್ರಿ 10.20

ಕೋಣೆ ನೆಲಮಟ್ಟದ್ದೋ, ಮೇಲಂತಸ್ತಿನದೋ? ನಮ್ಮವರು ಇನ್ನೊಮ್ಮೆ ಪ್ರಯತ್ನಿಸೋಣ ಎನ್ನುತ್ತಿದ್ದಾರೆ.

ಸಂಜೆಮಲ್ಲಿಗೆ | ಫೆಬ್ರವರಿ 16, ರಾತ್ರಿ 10.40

ನೆಲಮಟ್ಟದ್ದು. ಮೇಲಂತಸ್ತಿನಿಂದ ಜಲಾಶಯ ಚೆನ್ನಾಗಿ ಕಾಣುತ್ತದಂತೆ, ಆದರೆ ಬಳ್ಳಿಯ ಬಳಿಗೆ ಇಳಿದು ಬರಬೇಕು. ವಾರದ ನಡುವೆಯೇ ಹೋಗಿ.

ಒಣದ್ರಾಕ್ಷಿ | ಫೆಬ್ರವರಿ 17, ಬೆಳಿಗ್ಗೆ 5.50

ಅಕ್ಕಾ, ನಾನು ಸಮುದ್ರಕ್ಕೆ ಕರೆದೊಯ್ಯಿರಿ ಎಂದಿದ್ದೆ. ನನ್ನ ಮಾತು ತಪ್ಪಾಯಿತು. ಏಪ್ರಿಲ್ ಚಾಟ್ನಿಗೆ ನಿಮ್ಮವರು ಊರಿಗೆ ಬರುವುದಾದರೆ ತಿಳಿಸಿ, ತಿಕೋಟಾ ನಮಗೆ ದೂರವಲ್ಲ. ನಮ್ಮ ಶೆಡ್ಡಿನಲ್ಲಿ ಈಗ ಮಾಲು ಹರಡಿದ್ದೇವೆ, ಇನ್ನು ಹನ್ನೆರಡು ದಿನ ಮಳೆ ಬಾರದಿರಲಿ ಎಂದು ನೀವೂ ಬೇಡಿಕೊಳ್ಳಿ.